ಕರಿಯಮ್ಮ ಹೆಸರಿಟ್ಟ ಚುಕ್ಕೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಗ್ರಹಣದ ದಿನ ಬೇಕೆಂದೇ ಸ್ಟಾಫ್ ರೂಮಿನ ನಡುವೆ ಕೂತು ಅವಲಕ್ಕಿ ತಿನ್ನುತ್ತಿದ್ದೆ. ವೇದಾವತಿ ಮೇಡಂ ಎದುರಿಗೆ ಜಾತಕದ ಮಾತು ಎತ್ತಬೇಡಿ ಅಂತ ಹೊಸಬರಿಗೆ ಹಳಬರು ಹೇಳಿಕೊಡುತ್ತಿದ್ದರು. ಈಗ ಹೇಳಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಆದರೆ ಇದರಲ್ಲಿ ತಪ್ಪು ಮಾಡಿದವಳು ನಾನೇ. ಎದ್ದು ಹೋಗುವುದಾದರೂ ಎಲ್ಲಿಗೆ?

ಕರಿಯಮ್ಮ ನಮ್ಮ ಲ್ಯಾಬಿನ ಅಟೆಂಡರ್. ಹುಟ್ಟಿದ್ದು ತುಂಗೆಯ ಹತ್ತಿರದ ಹೊಳಲೂರಿನಲ್ಲಿ, ಗದ್ದೆ ಮಾಡುವವರ ಮನೆಯಲ್ಲಿ. ಮದುವೆಯಾಗಿ ಹೋದದ್ದು ಭದ್ರಾವತಿಯ ಕಾಗದನಗರಕ್ಕೆ. ಗಂಡ ಕೃಷ್ಣಪ್ಪ ಕಾಗದದ ಕಾರ್ಖಾನೆಯ ಬಾಯ್ಲರಿನಲ್ಲಿದ್ದ. ಎರಡು ವರ್ಷದಲ್ಲಿ ಆಕೆಗೂ ಅಲ್ಲೇ ಕೆಲಸ ಸಿಕ್ಕಿತು. ಕತ್ತರಿಸಿದ ಹಾಳೆಗಳನ್ನು ಮೇಜಿನ ಮೇಲೆ ರಾಶಿ ಹಾಕಿಕೊಂಡು, ಮೂಲೆ ಹಿಡಿದು ಒಂದೊಂದೇ ಮಗುಚುತ್ತಾ, ಕಲೆಯಿದ್ದದ್ದನ್ನು ಎಳೆದು ಬಿಸಾಕುವ ಕೆಲಸ. ಸಾಲಾಗಿ ಕೂತ ಹೆಂಗಸರು ದಿನಕ್ಕೆ ಸಾವಿರಾರು ಹಾಳೆ ಮಗುಚುತ್ತಿದ್ದರು. ಹಾಳೆಯನ್ನು ದಿಟ್ಟಿಸಿ ನೋಡಬಾರದಂತೆ, ಕಣ್ಣನ್ನು ಸುಮ್ಮನೆ ಬಿಟ್ಟುಕೊಂಡಿರಬೇಕಂತೆ, ಕಲೆ ತಾನಾಗಿ ಬಂದು ಕಣ್ಣಿಗೆ ಚುಚ್ಚುತ್ತದಂತೆ.

ಸುಮಾರು ಮೂವತ್ತು ವರ್ಷ ಹಾಗೆ ಮಗುಚಿದ ಕೈ ಅದು. ಕೃಷ್ಣಪ್ಪ ತೀರಿಕೊಂಡ, ಕಾರ್ಖಾನೆಯೂ ನಿಂತಿತು. ಆಮೇಲೆ ಕರಿಯಮ್ಮ ದಿನಾ ಎಂಟು ಗಂಟೆಯ ಬಸ್ಸು ಹತ್ತಿ ನಮ್ಮ ಕಾಲೇಜಿಗೆ ಬರತೊಡಗಿದಳು. ಗುತ್ತಿಗೆ ಕೆಲಸ. ಬೀಕರು ತೊಳೆಯುವುದು, ಪರದೆ ಎಳೆಯುವುದು, ನನ್ನ ಸಿಡುಕು ಸಹಿಸುವುದು. ಕೊನೆಯದು ನೇಮಕಾತಿ ಆದೇಶದಲ್ಲಿ ಇರಲಿಲ್ಲ, ಆದರೂ ಚೆನ್ನಾಗಿಯೇ ಮಾಡಿದಳು.

ಎರಡು ಸಾವಿರದ ಹದಿನೆಂಟರಲ್ಲಿ ನಮ್ಮ ಕಾಲೇಜು ಕ್ಷುದ್ರಗ್ರಹ ಹುಡುಕುವ ಒಂದು ಕಾರ್ಯಕ್ರಮಕ್ಕೆ ಸೇರಿತು. ಮಂಗಳ ಮತ್ತು ಗುರುವಿನ ನಡುವೆ ಲಕ್ಷಗಟ್ಟಲೆ ಕಲ್ಲುಗಳು ಸೂರ್ಯನನ್ನು ಸುತ್ತುತ್ತಿವೆಯಲ್ಲ, ಅವುಗಳಲ್ಲಿ ಇನ್ನೂ ಯಾರ ಲೆಕ್ಕಕ್ಕೂ ಬಾರದವು ಬೇಕಾದಷ್ಟಿವೆ. ದೂರದ ದೇಶದ ದೊಡ್ಡ ದೂರದರ್ಶಕ ಆಕಾಶದ ಒಂದೇ ತುಂಡನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ಚಿತ್ರ ತೆಗೆಯುತ್ತದೆ. ಆ ನಾಲ್ಕು ಚಿತ್ರ ನಮಗೆ ಬರುತ್ತವೆ. ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ತಿರುಗಿಸಿ ನೋಡಬೇಕು. ನಕ್ಷತ್ರಗಳು ನಿಂತಲ್ಲೇ ನಿಂತಿರುತ್ತವೆ. ಯಾವ ಚುಕ್ಕೆ ನಾಲ್ಕು ಚಿತ್ರದಲ್ಲೂ ಒಂದೇ ನೇರಕ್ಕೆ, ಒಂದೇ ಅಳತೆಗೆ ಜರುಗುತ್ತದೋ ಅದು ಕ್ಷುದ್ರಗ್ರಹ. ಕಣ್ಣಿಗೆ ಸುಲಭವಾಗಲೆಂದು ಚಿತ್ರವನ್ನು ತಿರುವುಮುರುವು ಮಾಡಿರುತ್ತೇವೆ, ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ. ಎಲ್ಲವೂ ಹಗಲು ಹನ್ನೊಂದು ಗಂಟೆಗೆ, ಫ್ಯಾನಿನ ಕೆಳಗೆ ನಡೆಯುವ ಕೆಲಸ.

ಒಂದು ದಿನ ಕರಿಯಮ್ಮ ಟೀ ಲೋಟ ಎತ್ತಲು ಬಂದವಳು ಹುಡುಗಿಯರ ಬೆನ್ನ ಹಿಂದೆ ನಿಂತಳು. ಯಾವ ಮಿಲ್ಲಿನ ಕಾಗದ ಇದು, ಇಷ್ಟೊಂದು ಕಸ ಐತೆ, ಎಂದು ಕೇಳಿದಳು. ಹುಡುಗಿಯರು ನಕ್ಕರು. ಆಕೆ ನಗದೆ, ಪರದೆಯ ಎರಡು ಕಡೆ ಬೆರಳಿಟ್ಟು, ಇದೊಂದು ನಡೀತೈತೆ, ಇದೊಂದು ನಡೀತೈತೆ ಎಂದಳು. ಅರ್ಧ ಗಂಟೆಯಿಂದ ಹುಡುಗಿಯರಿಗೆ ಒಂದೂ ಸಿಕ್ಕಿರಲಿಲ್ಲ. ಅಳೆದು ನೋಡಿದೆ. ಎರಡೂ ಸರಿಯಿದ್ದವು. ಎರಡೂ ಮುಂಚೆಯೇ ಗೊತ್ತಿದ್ದವೇ ಆದರೂ, ಆ ದಿನದಿಂದ ಕರಿಯಮ್ಮನಿಗೆ ನನ್ನ ಪಕ್ಕದಲ್ಲಿ ಒಂದು ಸ್ಟೂಲು ಖಾಯಂ ಆಯಿತು.

ನವೆಂಬರ್ ತಿಂಗಳ ಒಂದು ಸೋಮವಾರ. ಒಂದು ಚಿತ್ರಗುಚ್ಛ ತಿರುಗಿಸುತ್ತಿದ್ದಾಗ ಕರಿಯಮ್ಮ ನನ್ನ ಕೈ ಹಿಡಿದುಕೊಂಡಳು. ಯಾವತ್ತೂ ಮುಟ್ಟಿದವಳಲ್ಲ. ಕೈ ತಣ್ಣಗಿತ್ತು. ಪರದೆಯ ಎಡಗಡೆ ಕೆಳಮೂಲೆಗೆ ಬೆರಳಿಟ್ಟು ಬಲಕ್ಕೆ, ಮೇಲಕ್ಕೆ ಮೆಲ್ಲಗೆ ಎಳೆದಳು. ನಾನು ಕನ್ನಡಕ ಒರೆಸಿ ನೋಡಿದೆ. ಮೊದಲ ಮೂರು ಚಿತ್ರಗಳಲ್ಲಿ, ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ ಎನ್ನುವಂಥ ಒಂದು ಮಸುಕು. ನಾಲ್ಕನೆಯದರಲ್ಲಿ ಏನೂ ಇಲ್ಲ. ಒಂದು ದಪ್ಪ ನಕ್ಷತ್ರದ ಪಕ್ಕ ಆಕೆಯ ಬೆರಳು ನಿಂತಿತ್ತು, ಅಷ್ಟೇ. ನಮ್ಮ ನಿಯಮದ ಪ್ರಕಾರ ಅದು ಚುಕ್ಕೆಯೇ ಅಲ್ಲ, ಕ್ಯಾಮೆರಾದ ಕೊಳೆ. ಆಕೆಯ ಸಮಾಧಾನಕ್ಕೆ ಗುರುತು ಹಾಕಿದೆ. ಆಕೆ ಅತ್ತ ಹೋದ ಮೇಲೆ ಅಳಿಸಿ, ಉಳಿದವನ್ನು ಮಾತ್ರ ಸೇರಿಸಿ ಮಧ್ಯಾಹ್ನ ವರದಿ ಕಳಿಸಿದೆ. ಅಲ್ಲಿಯವರೆಗೆ ನಮ್ಮ ತಂಡದ ಒಂದು ವರದಿಯೂ ತಿರಸ್ಕಾರವಾಗಿರಲಿಲ್ಲ. ಅದರ ಜಂಬ ನನಗೆ ಸಾಕಷ್ಟಿತ್ತು.

ಮೂರು ಗಂಟೆಗೆ ಕರಿಯಮ್ಮ ಲ್ಯಾಬಿನ ಬಾಗಿಲು ಮುಂದೆ ಮಾಡಿ ಬಂದು ನಿಂತಳು. ಹೊಸದು ಕಂಡುಹಿಡಿದವರು ಹೆಸರಿಡಬಹುದು ಅಂತ ಹುಡುಗೀರು ಹೇಳಿದ್ದು ನಿಜವೇ ಎಂದು ಕೇಳಿದಳು. ನಿಜ, ಆದರೆ ಬೇರೆಯವರೂ ಮತ್ತೆ ಮತ್ತೆ ನೋಡಿ ಖಚಿತವಾಗಬೇಕು, ನಾಲ್ಕೈದು ವರ್ಷವೇ ಆದೀತು ಎಂದೆ. ಆಗ ಆಕೆ ನಿಂತಲ್ಲೇ ತನ್ನ ಕೂಸಿನ ವಿಷಯ ಹೇಳಿದಳು.

ಮದುವೆಯಾಗಿ ಮೂರನೇ ವರ್ಷ, ಎಂಬತ್ತಾರರಲ್ಲಿ, ಒಂದು ಹೆಣ್ಣು ಕೂಸು. ಸೋಮವಾರ ಹುಟ್ಟಿತು. ಹನ್ನೊಂದನೇ ದಿನ ತೊಟ್ಟಿಲು ಎಂದು ಗೊತ್ತುಮಾಡಿದ್ದರು. ಹೆಸರು ಕರೆಯಲು ಸೋದರತ್ತೆ ಊರಿಂದ ಬಂದು ಇಳಿದಿದ್ದಳು. ಒಂಬತ್ತನೇ ದಿನ ಕೂಸು ಹೋಯಿತು. ಹೆಸರಿಡದ ಕೂಸನ್ನು ಸುಡುವ ಹಾಗಿಲ್ಲ, ತಿಥಿಯಿಲ್ಲ, ಅತ್ತು ಕರೆಯೋಣವೆಂದರೆ ಕರೆಯಲು ಹೆಸರೂ ಇಲ್ಲ. ತಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಹೆಸರನ್ನು ತೊಟ್ಟಿಲಿಗೆ ಮುಂಚೆ ಬಾಯಿಬಿಟ್ಟು ಹೇಳಬಾರದೆಂದು ಗಂಡನಿಗೂ ಹೇಳಿರಲಿಲ್ಲ. ಹೊಳೆಯ ಕಡೆ ಮಣ್ಣು ಮಾಡಿ ಬಂದರು. ತಿಂಗಳು ಕಳೆದು ಕೆಲಸಕ್ಕೆ ಹೋದ ದಿನ, ಹಾಳೆ ಮಗುಚುವಾಗ ಒಂದು ಚುಕ್ಕೆ ಕಂಡಿತಂತೆ. ಎಡಗಡೆ ಕೆಳಗೆ. ಮುಂದಿನ ಹಾಳೆಯಲ್ಲಿ ಸ್ವಲ್ಪ ಬಲಕ್ಕೆ. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ.

"ಒಂದೇ ಜಾಗದಾಗೆ ಇದ್ರೆ ಅದು ಮಿಷನ್ನಿನ ಕಲೆ ಮೇಡಂ. ಒಂದು ಹಾಳೇಲಿ ಇದ್ದು ಇನ್ನೊಂದ್ರಾಗೆ ಇಲ್ಲಾಂದ್ರೆ ಕಸ. ಕಸಕ್ಕೆ ಕಾಲಿಲ್ಲ. ಇದು ನಡೀತಿತ್ತು."

ಒಂದು ರಾಶಿಯನ್ನೇ ಎಳೆದು ಬಿಸಾಕಿದ್ದಳು. ಮೇಸ್ತ್ರಿ ಗಂಗಾಧರಪ್ಪ ಒಳ್ಳೆಯ ಮನುಷ್ಯ. ಬಿಸಾಕಿದ್ದನ್ನೆಲ್ಲ ತಾನೇ ಕೂತು ಮಗುಚಿ ನೋಡಿ, ಏನೂ ಇಲ್ಲ ತಾಯಿ, ಇನ್ನೆಂಟು ದಿನ ಮನೇಲಿರು ಎಂದು ಕಳಿಸಿದ. ವಾಪಸು ಬಂದಾಗ ಚುಕ್ಕೆ ಇರಲಿಲ್ಲ. ಆಮೇಲೆ ಕೂಸೂ ಆಗಲಿಲ್ಲ. ಇವತ್ತು ಪರದೆಯ ಮೇಲೆ ಕಂಡದ್ದು ಅದೇ ಚುಕ್ಕೆ, ಅದೇ ಮೂಲೆ, ಅದೇ ನಡಿಗೆ. ಅದಕ್ಕೆ ಹೆಸರಿಡುವುದು ಬಿಟ್ಟರೆ ತನಗೆ ಇನ್ನೇನೂ ಬೇಕಾಗಿಲ್ಲ ಎಂದು ಕರಿಯಮ್ಮ ಹೇಳಿದಳು. ಹೇಳುವಾಗ ಕಣ್ಣಲ್ಲಿ ನೀರು ಬರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

"ಕಳಿಸಿದ್ರಾ ಮೇಡಂ?"

"ಕಳಿಸಿದೀನಿ ಕರಿಯಮ್ಮ," ಎಂದೆ.

ಸಂಜೆವರೆಗೂ ತಿದ್ದುಪಡಿ ಕಳಿಸಲು ಅವಕಾಶವಿತ್ತು. ಕಂಪ್ಯೂಟರ್ ತೆರೆದೇ ಇತ್ತು. ನಾನು ಕಳಿಸಲಿಲ್ಲ. ಇಲ್ಲದ ಚುಕ್ಕೆಗೆ ಕನಿಕರದ ಮೇಲೆ ಗುರುತು ಹಾಕಿದರೆ ಅದು ವಿಜ್ಞಾನವೇ, ಎಂದು ನನಗೆ ನಾನೇ ಭಾಷಣ ಮಾಡಿಕೊಂಡು ಆಟೋ ಹತ್ತಿದೆ. ಸುಳ್ಳು ಹೇಳಿದ್ದು ಮಾತ್ರ ವಿಜ್ಞಾನ ಹೌದೋ ಅಲ್ಲವೋ ಎಂದು ಆಗ ಹೊಳೆಯಲಿಲ್ಲ.

ಮುಂದಿನ ಸೋಮವಾರ ಕರಿಯಮ್ಮ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಗುಗ್ಗರಿ ತಂದಳು. ಕಡಲೆಕಾಳು ಬೇಯಿಸಿ, ಕೊಬ್ಬರಿ ಹಾಕಿ ಒಗ್ಗರಣೆ ಕೊಟ್ಟದ್ದು. ಹುಡುಗಿಯರು ಮುಗಿಬಿದ್ದು ತಿಂದರು. ನಾನೂ ಎರಡು ಸಲ ಹಾಕಿಸಿಕೊಂಡೆ. ಏನು ವಿಶೇಷ ಎಂದು ಕೇಳಿದಾಗ ಕೈಗೆ ಇನ್ನಷ್ಟು ಹಾಕುತ್ತಾ, ನಿನ್ನೆ ಹೆಸರಿಟ್ಟೆ ಎಂದಳು. ಸೋದರತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು, ಹಾಗಾಗಿ ತಾನೇ ಸೀರೆಯ ಜೋಳಿಗೆ ಕಟ್ಟಿ ತೂಗಿ, ಮೂರು ಸಲ ಕರೆದಳಂತೆ. ಖಚಿತವಾಗುವ ಮುಂಚೆಯೇ ಯಾಕೆ ಕರೆದಿರಿ ಎಂದು ನಾನು ಕೇಳಿದೆ. ನೀವು ಕಳಿಸಿದೀನಿ ಅಂದ್ರಲ್ಲ ಮೇಡಂ, ಇನ್ನೇನು ಎಂದಳು. ಬಾಯಲ್ಲಿದ್ದ ಕಾಳನ್ನು ನುಂಗಲೂ ಆಗಲಿಲ್ಲ, ಉಗಿಯಲೂ ಆಗಲಿಲ್ಲ.

ಆಮೇಲೆ ಕೊರೊನಾ ಬಂತು, ಕಾಲೇಜು ಮುಚ್ಚಿತು, ಗುತ್ತಿಗೆಯವರನ್ನು ಮತ್ತೆ ಕರೆಯಲಿಲ್ಲ. ಇಪ್ಪತ್ತೊಂದರ ಕೊನೆಗೆ ಒಂದು ಮಧ್ಯಾಹ್ನ ನಾನು ಕಾಗದನಗರಕ್ಕೆ ಕರಿಯಮ್ಮನನ್ನು ನೋಡಲು ಹೋದೆ. ಬಿರುಬಿಸಿಲು. ಕ್ವಾರ್ಟರ್ಸಿನ ಸಾಲಿನಲ್ಲಿ ಎಷ್ಟೋ ಮನೆಗಳಿಗೆ ಬೀಗ, ಕಿಟಕಿಯೊಳಗಿಂದ ಲಂಟಾನ ಹೊರಗೆ ತಲೆ ಹಾಕಿತ್ತು. ಒಂದು ನಾಯಿ ಕೂಡ ಬೊಗಳಲಿಲ್ಲ. ಕರಿಯಮ್ಮನ ಅಂಗಳ ಮಾತ್ರ ಗುಡಿಸಿ, ನೀರು ಹಾಕಿ, ರಂಗೋಲಿ ಬಿಟ್ಟಿತ್ತು.

ಒಳಗೆ ಕೆಂಪು ಸಿಮೆಂಟಿನ ನೆಲ. ಹಿಂದಿನ ಗೋಡೆಯಿಂದ ಬಾಗಿಲ ಕಡೆಗೆ ಸೀಮೆಸುಣ್ಣದ ಚುಕ್ಕೆಗಳ ಸಾಲು. ಸಾಲಿನ ತುದಿಯಲ್ಲಿ ಒಂದು ಪುಟ್ಟ ಸ್ಟೀಲ್ ತಟ್ಟೆ, ಅದರಲ್ಲಿ ಒಂದು ತುತ್ತು ಹಾಲನ್ನ. ನಾನು ಕೇಳಲಿಲ್ಲ. ಆಕೆಯೇ ಹೇಳಿದಳು. ಹೆಸರು ಕರೆದ ಮೇಲೆ ಪ್ರತಿ ಸೋಮವಾರ ಮಧ್ಯಾಹ್ನ ಕೂಸಿಗೆ ಒಂದು ತುತ್ತು ಇಡುತ್ತಾಳೆ. ಅನ್ನ ಯಾರೂ ಮುಟ್ಟುವುದಿಲ್ಲ. ತಟ್ಟೆ ಮಾತ್ರ ಸಂಜೆಗೆ ಇಟ್ಟಲ್ಲಿ ಇರುವುದಿಲ್ಲ, ಒಂದು ಕಿರುಬೆರಳಿನ ಅಗಲದಷ್ಟು ಮುಂದೆ ಹೋಗಿರುತ್ತದೆ. ಹೋದಲ್ಲಿಗೆ ಒಂದು ಚುಕ್ಕೆ ಇಟ್ಟು, ಮುಂದಿನ ವಾರ ಅಲ್ಲಿಂದಲೇ ಶುರು. ನೂರೈವತ್ತಕ್ಕೂ ಹೆಚ್ಚು ಚುಕ್ಕೆಗಳಿದ್ದವು. ನನ್ನ ಬ್ಯಾಗಿನಲ್ಲಿದ್ದ ಸ್ಕೇಲು ತೆಗೆದು ಮಂಡಿಯೂರಿ ಅಳೆದೆ. ನಾಚಿಕೆಗೆಟ್ಟ ಕೆಲಸವೇ ಸರಿ, ಆದರೆ ಅಳೆಯದೆ ಇರಲು ನನ್ನಿಂದಾಗದು. ಎಲ್ಲ ಅಂತರವೂ ಒಂದೇ. ಸಾಲು ನೇರವಾಗಿರಲಿಲ್ಲ. ಮೆಲ್ಲಗೆ, ಬಹಳ ಮೆಲ್ಲಗೆ, ಒಂದು ಕಡೆಗೆ ಬಾಗಿತ್ತು.

ಒಂದು ಚೊಂಬು ನೀರು ತರಿಸಿ ನೆಲದ ಮೇಲೆ ಚೆಲ್ಲಿದೆ. ನೀರು ಬಾಗಿಲ ಕಡೆಗೇ ಹರಿಯಿತು. ನೋಡಿ ಕರಿಯಮ್ಮ, ನೆಲ ಇಳಿಜಾರಿದೆ, ರಸ್ತೆಯಲ್ಲಿ ಲಾರಿ ಹೋದಾಗ ತಟ್ಟೆ ಜಾರುತ್ತದೆ, ಅಷ್ಟೇ ಎಂದೆ. ಆಕೆ ನೀರು ಒರೆಸುತ್ತಾ, ಇರಬಹುದು ಮೇಡಂ ಎಂದಳು. ನನ್ನ ಮನಸ್ಸಿಗೆ ಬೇಜಾರಾಗಬಾರದೆಂದು ಹಾಗೆ ಹೇಳಿದಳು ಎಂದು ಈಗ ಅನಿಸುತ್ತದೆ. ಹೊರಡುವಾಗ, ಇನ್ನೂ ಖಚಿತ ಆಗಿಲ್ಲವೇ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ. ಆವತ್ತೂ ಬಾಯಿ ಬಿಡಲಿಲ್ಲ.

ಮಾರನೇ ವರ್ಷ ಹೊಸ ಹುಡುಗಿಯರಿಗೆ ಕಲಿಸಲೆಂದು ಹಳೆಯ ಚಿತ್ರಗಳನ್ನು ತೆಗೆದೆ. ಗೊತ್ತಿರುವ ಕ್ಷುದ್ರಗ್ರಹಗಳ ಪಟ್ಟಿಯನ್ನು ಹೊಸದಾಗಿ ತುಂಬಿಸಿಕೊಂಡರೆ, ಆ ದಿನ ಯಾವ ಯಾವ ಕಲ್ಲು ಎಲ್ಲೆಲ್ಲಿ ಇದ್ದಿರಬೇಕು ಎಂದು ಲೆಕ್ಕ ಹಾಕಿ ಕಂಪ್ಯೂಟರೇ ಚಿತ್ರದ ಮೇಲೆ ಉಂಗುರ ಎಳೆಯುತ್ತದೆ. ಬೆಳಗ್ಗೆ ಹನ್ನೊಂದೂವರೆ. ಮೂವತ್ತು ಹುಡುಗಿಯರು ಎದುರಿಗಿದ್ದರು. ಆ ನವೆಂಬರಿನ ಚಿತ್ರ ಬಂತು. ಎಡಗಡೆ ಕೆಳಮೂಲೆಯಲ್ಲಿ ಒಂದು ಉಂಗುರ. ಮುಂದಿನದರಲ್ಲಿ ಸ್ವಲ್ಪ ಬಲಕ್ಕೆ, ಮೇಲಕ್ಕೆ. ಮೂರನೆಯದರಲ್ಲಿ ಇನ್ನೂ ಸ್ವಲ್ಪ. ನಾಲ್ಕನೆಯದರಲ್ಲಿ ದಪ್ಪ ನಕ್ಷತ್ರದ ಪಕ್ಕ, ಕರಿಯಮ್ಮನ ಬೆರಳು ನಿಂತಿದ್ದ ಜಾಗಕ್ಕೇ, ಉಂಗುರ ಬಂದು ಕೂತಿತು. ನನ್ನ ತೋಳಿನ ಕೂದಲು ನೆಟ್ಟಗಾದದ್ದನ್ನು ಮುಂದಿನ ಬೆಂಚಿನ ಕವನ ನೋಡಿ, ಫ್ಯಾನ್ ನಿಲ್ಲಿಸಲಾ ಮೇಡಂ ಎಂದು ಕೇಳಿದಳು.

ನಾವು ಅದನ್ನು ಕೈಬಿಟ್ಟ ಮುಂದಿನ ವರ್ಷ ಭೂಮಿಯ ಆಚೆ ಬದಿಯ ದೇಶದ ಒಂದು ಶಾಲೆಯ ತಂಡ ಅದನ್ನು ಕಂಡು ವರದಿ ಮಾಡಿತ್ತು. ಕಂಡುಹಿಡಿದವರ ಜಾಗದಲ್ಲಿ ಅವರ ಹೆಸರಿತ್ತು. ನಾನು ಕಳಿಸಿದ್ದರೆ ಕರಿಯಮ್ಮನಿಗೇ ಸಿಗುತ್ತಿತ್ತು ಎಂದು ಆಣೆ ಮಾಡಿ ಹೇಳಲಾರೆ. ಆದರೆ ಬಾಗಿಲು ತೆರೆದಿರುತ್ತಿತ್ತು. ಮುಚ್ಚಿದವಳು ನಾನು. ಆ ಶಾಲೆಗೆ ಉದ್ದದ ಪತ್ರ ಬರೆದೆ. ಬಹಳ ಮರ್ಯಾದೆಯ ಉತ್ತರ ಬಂತು. ಹೆಸರು ಸೂಚಿಸಿ ಆಗಿದೆ, ಸಮಿತಿಯ ಮುಂದಿದೆ, ಇನ್ನು ಬದಲಿಸಲಾಗದು, ಕ್ಷಮಿಸಿ ಎಂದಿದ್ದರು. ಕ್ಷಮೆ ಅವರು ಕೇಳಬೇಕಾದದ್ದಲ್ಲ.

ಅದೇ ವಾರ ಭದ್ರಾವತಿಗೆ ಹೋದೆ. ಕರಿಯಮ್ಮ ಚಾಪೆ ಹಾಕಿ ಕೂರಿಸಿದಳು. ಚುಕ್ಕೆಗಳ ಸಾಲು ಬಾಗಿಲಿಗೆ ಇನ್ನಷ್ಟು ಹತ್ತಿರ ಬಂದಿತ್ತು. ನಾನು ಎಲ್ಲವನ್ನೂ ಹೇಳಿದೆ. ಅಳಿಸಿದ್ದು, ಕಳಿಸಿದೀನಿ ಎಂದದ್ದು, ಆಮೇಲೂ ಮುಚ್ಚಿಟ್ಟದ್ದು. ಅದು ನಿಜವಾಗಿಯೂ ಅಲ್ಲಿತ್ತು, ನೀವು ಬೆರಳಿಟ್ಟಲ್ಲೇ ಇತ್ತು ಎಂದೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆ ಸಾಲಿನ ಕೊನೆಯ ಚುಕ್ಕೆಯ ಮೇಲೆ ಬೆರಳಿಟ್ಟಳು.

"ನಾನು ಒಂದು ಹೆಸರು ಕರೆದುಬಿಟ್ಟಿದೀನಿ. ಅವರು ಇನ್ನೊಂದು ಕರೀತಾರೆ. ಹೆಸರು ಎರಡಾದ್ರೆ ಕೂಸು ಯಾವ ಮನೆಗೆ ಹೋಗುತ್ತೆ ಮೇಡಂ?"

ಅದು ನಲವತ್ತು ಕೋಟಿ ಕಿಲೋಮೀಟರ್ ಆಚೆಗಿರುವ ಕಲ್ಲು, ಅದಕ್ಕೆ ಮನೆಯಿಲ್ಲ, ಕಿವಿಯಿಲ್ಲ ಎಂದು ಹೇಳಬೇಕಾಗಿತ್ತು. ಇಪ್ಪತ್ತೊಂಬತ್ತು ವರ್ಷ ಅದನ್ನೇ ತಾನೇ ಹೇಳಿಕೊಟ್ಟದ್ದು. ನನಗೆ ಗೊತ್ತಿಲ್ಲ ಕರಿಯಮ್ಮ, ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಶಿವಮೊಗ್ಗ ಬರುವವರೆಗೂ ಅತ್ತೆ.

ಮತ್ತೆ ಎರಡು ವರ್ಷ ಆಕೆಯೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಇಷ್ಟರಲ್ಲಿ ನಾನು ನಿವೃತ್ತಳಾಗಿ, ಆಕಾಶದ ಸಹವಾಸವೇ ಬೇಡವೆಂದು ಕುಂಡದಲ್ಲಿ ದಾಸವಾಳ ಬೆಳೆಸುತ್ತಿದ್ದೆ. ಇಪ್ಪತ್ನಾಲ್ಕರ ಜೂನಿನಲ್ಲಿ, ಒಂದು ಸೋಮವಾರ ಇಳಿಹೊತ್ತಿಗೆ, ಕರಿಯಮ್ಮನ ಫೋನ್ ಬಂತು. ಯೋಗಕ್ಷೇಮ ಏನೂ ಕೇಳಲಿಲ್ಲ.

"ಮೇಡಂ, ಅವರು ಹೆಸರಿಟ್ಟುಬಿಟ್ರಾ?"

ಯಾಕೆ ಎಂದೆ. ತಟ್ಟೆ ನಿಂತುಹೋಗಿದೆ ಎಂದಳು. ಹೊಸ್ತಿಲು ಇನ್ನೊಂದು ಗೇಣು ಇರುವಾಗ ನಿಂತಿದೆ. ಹೋದ ವಾರ ಜರುಗಲಿಲ್ಲ, ಅದರ ಹಿಂದಿನ ವಾರವೂ ಇಲ್ಲ, ಇವತ್ತಿಗೆ ಮೂರನೇ ಸೋಮವಾರ. ಫೋನನ್ನು ಕಿವಿಗೆ ಹಿಡಿದೇ ಕಂಪ್ಯೂಟರ್ ತೆರೆದೆ. ಹೊಸ ಹೆಸರುಗಳ ಪಟ್ಟಿಯಲ್ಲಿ ಹುಡುಕಿದೆ. ನಮ್ಮ ಕಲ್ಲಿನ ಸಂಖ್ಯೆಯ ಮುಂದೆ ಹೆಸರು ಇತ್ತು. ಪ್ರಕಟವಾಗಿ ಇಪ್ಪತ್ತು ದಿನವಾಗಿತ್ತು. ಕರಿಯಮ್ಮನಿಗೆ ಇದು ಗೊತ್ತಾಗುವ ದಾರಿ ಯಾವುದೂ ಇರಲಿಲ್ಲ, ನನಗೇ ಗೊತ್ತಿರಲಿಲ್ಲ. ಆ ಮನೆಯ ನೆಲ ಇದ್ದ ಹಾಗೇ ಇಳಿಜಾರು, ಆ ರಸ್ತೆಯಲ್ಲಿ ಲಾರಿಗಳೂ ಓಡುತ್ತಲೇ ಇವೆ. ಈ ಸಲ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

ಹೌದು, ಇಟ್ಟಿದ್ದಾರೆ ಎಂದೆ. ಏನು ಹೆಸರು ಎಂದು ಕೇಳಿದಳು. ನನಗೇ ನಾಲಗೆ ಹೊರಳದ ನಾಲ್ಕಕ್ಷರದ ಹೆಸರನ್ನು ಬಿಡಿಸಿ ಬಿಡಿಸಿ ಓದಿದೆ. ಆಕೆ ತಪ್ಪುತ್ತಾ ತಪ್ಪುತ್ತಾ, ಸರಿಯಾಗುವವರೆಗೂ ಹೇಳಿಕೊಂಡಳು. ಹಂಗಂದ್ರೆ ಏನು ಎಂದಳು. ಕೆಳಗೆ ಎರಡು ಸಾಲಿನ ವಿವರಣೆ ಇತ್ತು. ಕಂಡುಹಿಡಿದ ತಂಡದ ಒಬ್ಬ ಹುಡುಗಿಯ ಅಜ್ಜಿಯ ಹೆಸರಂತೆ, ಊರಿನಲ್ಲಿ ರೊಟ್ಟಿ ಸುಟ್ಟು ಮಾರುತ್ತಿದ್ದಳಂತೆ, ಎಂದು ಕನ್ನಡದಲ್ಲಿ ಹೇಳಿದೆ.

ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಅಜ್ಜಿ ಹೆಸರು ಇಟ್ಕೊಂಡವ್ರೆ ಅಂದ್ರೆ ಒಳ್ಳೆ ಮನೇನೇ ಇರ್ಬೇಕು," ಎಂದಳು ಕರಿಯಮ್ಮ. "ಹೋಗ್ಲಿ ಬಿಡಿ ಮೇಡಂ. ಅಲ್ಲೇ ಇರ್ಲಿ."